ಒಂದೇ ಕೋಟಿನಲ್ಲಿ ಕೆಲಸ ಮುಗಿಯುತ್ತದೆಯೇ? ಸಿಟಾಡೆಲ್ ಕಾಂಟ್ರಾಸ್ಟ್ ಬಣ್ಣಗಳ ವಿಮರ್ಶೆ

ವಾರ್‌ಹ್ಯಾಮರ್ 40,000 ಎಂಬ ಪುಟ್ಟ ಗೊಂಬೆಸೈನ್ಯಗಳ ಆಟದ ಟರ್ಮಗಾಂಟ್ ಎಂಬ ಜೀವಿಗೆ ಸ್ಕೆಲಿಟನ್ ಹೋರ್ಡ್ ಎಂಬ ಎಲುಬುಬಣ್ಣ ಬಳಿದು ಒಣಗಲು ಬಿಟ್ಟರೆ ಪಕ್ಕೆಲುಬು, ಸ್ನಾಯು, ಉಗುರು ಎಲ್ಲ ತಾವಾಗಿಯೇ ಎದ್ದು ಕಾಣುತ್ತವೆ. ಅದೇ ಸಾಲಿನ ಅಲ್ಟ್ರಾಮರೀನ್ಸ್ ಬ್ಲೂ ಡಬ್ಬಿ ತೆಗೆದು ಕವಚಧಾರಿ ಯೋಧ ಸ್ಪೇಸ್ ಮರೀನ್‌ನ ಭುಜಕವಚಕ್ಕೆ ಬಳಿದು ನೋಡಿ: ಹತ್ತು ಸಲ ಒಗೆದ ಜೀನ್ಸ್ ಪ್ಯಾಂಟಿನ ಹಾಗೆ ಒಂದು ಕಡೆ ಮಾಸಲು, ಇನ್ನೊಂದು ಕಡೆ ಗಾಢ. ಎರಡೂ ಕಡೆ ಬಣ್ಣದ ಗುಣ ಒಂದೇ. ಬೇರೆಯಾದದ್ದು ಅದರ ಕೆಳಗಿನ ಮೈ. ಕಾಂಟ್ರಾಸ್ಟ್ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಬಣ್ಣದ ಡಬ್ಬಿಯಲ್ಲಿಲ್ಲ, ನೀವು ಕಟ್ಟುತ್ತಿರುವ ಸೈನ್ಯದಲ್ಲಿದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ತನ್ನ ಸಿಟಾಡೆಲ್ ಬ್ರ್ಯಾಂಡಿನಲ್ಲಿ ಈ ಬಣ್ಣಗಳನ್ನು ಹೊರತಂದದ್ದು 2019ರಲ್ಲಿ. ಮೊದಲ ಸುತ್ತಿನಲ್ಲಿ 34 ಬಣ್ಣ, ಅವುಗಳ ಜೊತೆಗೆ ತೆಳುಮಾಡಲು ಕಾಂಟ್ರಾಸ್ಟ್ ಮೀಡಿಯಂ, ತಳಕ್ಕೆ ರೈತ್‌ಬೋನ್ ಮತ್ತು ಗ್ರೇ ಸೀರ್ ಎಂಬ ಎರಡು ಸ್ಪ್ರೇ. 2022ರಲ್ಲಿ ಇನ್ನಷ್ಟು ಬಣ್ಣಗಳೂ ವೈಟ್ ಸ್ಕಾರ್ ಎಂಬ ಅಚ್ಚಬಿಳಿ ಸ್ಪ್ರೇಯೂ ಸೇರಿದವು. ಮಾರಾಟದ ಮಾತು ಸರಳ: ತಳಬಣ್ಣ, ನೆರಳು, ಬೆಳಕು, ಮೂರೂ ಒಂದೇ ಕೋಟಿನಲ್ಲಿ. ಹಳೆಯ ಕ್ರಮದಲ್ಲಿ ಬೇಸ್ ಬಣ್ಣ ಎರಡು ತೆಳು ಕೋಟ್, ಮೇಲೆ ಆಗ್ರಾಕ್ಸ್ ಅರ್ಥ್‌ಶೇಡ್ ಅಥವಾ ನುಲ್ನ್ ಆಯಿಲ್‌ನಂಥ ಶೇಡ್ (ತಗ್ಗಿಗಿಳಿದು ನೆರಳು ಕೊಡುವ ತೆಳುಬಣ್ಣ), ಮತ್ತೆ ಉಬ್ಬುಗಳಿಗೆ ಲೇಯರ್ ಬಣ್ಣ, ಕೊನೆಗೆ ಅಂಚುಗಳಿಗೆ ತಿಳಿಬಣ್ಣದ ಅಂಚುಗೆರೆ. ಇಪ್ಪತ್ತು ಟರ್ಮಗಾಂಟ್ ಮುಂದಿಟ್ಟುಕೊಂಡವರಿಗೆ ಇದು ಎಷ್ಟು ಸಂಜೆಗಳ ಕೆಲಸವೆಂದು ಗೊತ್ತು. ಅವರಿಗೆ ಕಾಂಟ್ರಾಸ್ಟ್ ಖಂಡಿತ ಕೊಳ್ಳತಕ್ಕ ಬಣ್ಣ. ನುಣುಪಾದ ಕವಚದ ಸೈನ್ಯದವರು ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು.

ಇದು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಕಾಂಟ್ರಾಸ್ಟ್ ಪಾರದರ್ಶಕ ಬಣ್ಣ. ಶೇಡ್‌ಗಿಂತ ಬಣ್ಣದ ಅಂಶ ಹೆಚ್ಚು; ಸಾಮಾನ್ಯ ಅಕ್ರಿಲಿಕ್‌ಗಿಂತ ನಿಧಾನವಾಗಿ ಒಣಗುತ್ತದೆ, ಸರಾಗವಾಗಿ ಹರಿಯುತ್ತದೆ. ಉಬ್ಬಿನಿಂದ ಜಾರಿ ತಗ್ಗಿಗೆ ಇಳಿಯುತ್ತದೆ. ಉಬ್ಬಿನ ಮೇಲೆ ಪದರ ತೆಳುವಾಗಿ ಕೆಳಗಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ, ಇಣುಕುತ್ತದೆ, ಅದೇ ಬೆಳಕು. ತಗ್ಗಿನಲ್ಲಿ ದಪ್ಪವಾಗಿ ನಿಲ್ಲುತ್ತದೆ, ಅದೇ ನೆರಳು. ಅಂದಮೇಲೆ ಉಬ್ಬುತಗ್ಗೇ ಇಲ್ಲದ ಕಡೆ ಅದು ಎಲ್ಲಿಗೆ ಹೋಗಬೇಕು? ಎತ್ತ ಓರೆಯೋ ಅತ್ತ ಹರಿದು, ನಿಂತಲ್ಲಿ ಕೆರೆ ಕಟ್ಟಿ, ಒಣಗುವಾಗ ಅಂಚಿನಲ್ಲಿ ಕಾಫಿ ಲೋಟದ ಗುರುತಿನಂಥ ಉಂಗುರ ಬಿಡುತ್ತದೆ. ರೈನೋದಂಥ ವಾಹನದ ಚಪ್ಪಟೆ ಪಕ್ಕೆಗೆ ಬ್ರಷ್‌ನಿಂದ ಕಾಂಟ್ರಾಸ್ಟ್ ಬಳಿಯುವುದೇ ಬೇಡ. ಟರ್ಮಗಾಂಟ್ ಸೇರಿದ ಟೈರನಿಡ್, ಓರ್ಕ್‌ಗಳ ಮೈ, ತುಪ್ಪಳ, ಬಟ್ಟೆಯ ಮಡಿಕೆ, ಚರ್ಮದ ಚೀಲ, ಎಲುಬು, ಕಟ್ಟಿದ ಹಗ್ಗ, ಇವು ಇದರ ಸ್ವಂತ ಊರು.

ಇನ್ನೊಂದು ಸಂಗತಿ ಜೋಡಣೆಯಲ್ಲಿ ಕೂತಿದೆ. ಮಾಮೂಲಿ ಬೇಸ್ ಬಣ್ಣ ಸಣ್ಣಪುಟ್ಟ ತಪ್ಪನ್ನು ಮುಚ್ಚಿಹಾಕುತ್ತದೆ. ಕಾಂಟ್ರಾಸ್ಟ್ ಅದನ್ನು ಎತ್ತಿ ತೋರಿಸುತ್ತದೆ. ಅಚ್ಚಿನ ಎರಡು ಹೋಳು ಸೇರುವಲ್ಲಿ ಉಳಿಯುವ ಗೆರೆಯ ಎರಡೂ ಪಕ್ಕದಲ್ಲಿ ಬಣ್ಣ ನಿಂತು ಕಾಲಿನುದ್ದಕ್ಕೆ ಕಪ್ಪು ದಾರ ಎಳೆದಂತೆ ಕಾಣುತ್ತದೆ. ಆದ್ದರಿಂದ ಭಾಗಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ಅಂದರೆ ಸ್ಪ್ರೂದಿಂದ, ಬಿಡಿಸುವಾಗ ಮೈಗೆ ತಾಗಿಸಿ ಕತ್ತರಿಸಬೇಡಿ. ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ, ಉಳಿದ ಗುಬುಟನ್ನು ಚಾಕುವಿನಿಂದ ತೆಳುವಾಗಿ ಕೆತ್ತಿ ತೆಗೆಯಿರಿ. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಹಿಸಿದು ಬೆಳ್ಳಗಾಗಿ ಸಣ್ಣ ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ಬಣ್ಣ ಚುಕ್ಕೆಯಾಗಿ ಕೂರುತ್ತದೆ. ಅಚ್ಚುಗೆರೆಗೆ ಚಾಕುವಿನ ಬೆನ್ನು ಸಾಕು: ಅಲಗಿನ ಹಿಂಬದಿಯನ್ನು ಗೆರೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ಹಗುರಾಗಿ ಎಳೆಯುತ್ತ ಹೋಗಿ. ಟರ್ಮಗಾಂಟ್‌ನಲ್ಲಿ ಬಾಲದ ಕೆಳಭಾಗ, ಕುಡುಗೋಲಿನಂಥ ಉಗುರಿನ ಒಳಅಂಚು, ತಲೆಚಿಪ್ಪಿನ ಪಕ್ಕ, ಈ ಮೂರನ್ನು ಬೆಳಕಿಗೆ ಹಿಡಿದು ನೋಡಿ.

ಅಂಟಿನ ವಿಷಯವೂ ಹಾಗೆಯೇ. ಗೇಮ್ಸ್ ವರ್ಕ್‌ಶಾಪ್‌ನ ಸಾಮಾನ್ಯ ಕಿಟ್‌ಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್. ಹಸಿರು ಮುಚ್ಚಳದ ತಾಮಿಯಾ ಎಕ್ಸ್‌ಟ್ರಾ ಥಿನ್ ಪ್ಲಾಸ್ಟಿಕ್ ಅಂಟು, 40 ಮಿ.ಲೀ. ಬಾಟಲಿ, ಇದಕ್ಕೆ ಹೇಳಿಮಾಡಿಸಿದ್ದು. ಎರಡು ಭಾಗಗಳನ್ನು ಮೊದಲೇ ಸೇರಿಸಿ ಹಿಡಿದು ಸಂದಿಗೆ ಬ್ರಷ್ ತುದಿ ತಾಗಿಸಿದರೆ ದ್ರವ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಬೆಸೆಯುತ್ತದೆ. ಸ್ವಲ್ಪ ಒತ್ತಿದರೆ ಸಂದಿನಿಂದ ಕರಗಿದ ಪ್ಲಾಸ್ಟಿಕ್ ಸಣ್ಣ ಮಣಿಯಂತೆ ಹೊರಬರುತ್ತದೆ, ಮರುದಿನ ಕೆರೆದರೆ ಸಂದು ಮಾಯ. ಸೂಪರ್ ಗ್ಲೂನಿಂದ ಈ ಬೆಸುಗೆ ಸಿಗದು, ಅದು ನಡುವೆ ನಿಂತು ಹಿಡಿದುಕೊಳ್ಳುವ ಅಂಟು ಅಷ್ಟೆ. ಆದರೆ ರೆಸಿನ್ ಗೊಂಬೆಗೂ 3ಡಿ ಪ್ರಿಂಟ್ ಮಾಡಿದ ರೆಸಿನ್ ಭಾಗಕ್ಕೂ ಸೂಪರ್ ಗ್ಲೂ ಬೇಕೇಬೇಕು, ಪ್ಲಾಸ್ಟಿಕ್ ಅಂಟು ಅಲ್ಲಿ ಏನೂ ಮಾಡುವುದಿಲ್ಲ. ತಾಮಿಯಾ ಅಂಟು ಹಚ್ಚಿದ ಬೆರಳನ್ನು ಕವಚದ ಮೇಲೆ ಇಟ್ಟರೆ ಬೆರಳಚ್ಚು ಮೂಡುತ್ತದೆ. ಪ್ರೈಮರ್ ಹೊಡೆದಾಗ ಗಮನಕ್ಕೆ ಬಾರದ ಆ ಅಚ್ಚು ಕಾಂಟ್ರಾಸ್ಟ್ ಬಿದ್ದೊಡನೆ ಪೊಲೀಸ್ ದಾಖಲೆಯಷ್ಟು ಸ್ಪಷ್ಟವಾಗುತ್ತದೆ. ಬಿರುಕು ಉಳಿದರೆ ವಲೆಹೋ ಪ್ಲಾಸ್ಟಿಕ್ ಪುಟ್ಟಿಯ ಸಣ್ಣ ಎಳೆ ಹಾಕಿ, ಒದ್ದೆ ಹತ್ತಿಕಡ್ಡಿಯಿಂದ ಒರೆಸಿ. ಉಜ್ಜುಕಾಗದದ ಕೆಲಸವೇ ಬೇಡ.

ಇನ್ನು ಪ್ರೈಮರ್. ಕಾಂಟ್ರಾಸ್ಟ್‌ನಲ್ಲಿ ನಿಮಗೆ ಕಾಣುವ ಬೆಳಕೆಲ್ಲ ಪ್ರೈಮರ್‌ನದೇ ಆದ್ದರಿಂದ ಇಲ್ಲಿ ಕಂಜೂಸಿತನ ಕೂಡದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ರೈತ್‌ಬೋನ್ ಬೆಚ್ಚನೆಯ ಕೆನೆಬಣ್ಣ: ಎಲುಬು, ಚರ್ಮ, ಕೆಂಪು, ಕಂದು, ಹಳದಿಗೆ ಒಳ್ಳೆಯದು. ಗ್ರೇ ಸೀರ್ ತಣ್ಣನೆಯ ತಿಳಿಬೂದು: ನೀಲಿ, ನೇರಳೆ, ಬೂದು, ಕಪ್ಪಿಗೆ. ಬ್ಲಡ್ ಏಂಜಲ್ಸ್ ರೆಡ್ ರೈತ್‌ಬೋನ್ ಮೇಲೆ ಕಿತ್ತಳೆಯತ್ತ ವಾಲುತ್ತದೆ, ಗ್ರೇ ಸೀರ್ ಮೇಲೆ ಅದೇ ಬಣ್ಣ ಒಂದಿಷ್ಟು ಮಂಕು. ವೈಟ್ ಸ್ಕಾರ್ ಮೇಲೆ ಯಾವ ಬಣ್ಣವಾದರೂ ಹೆಚ್ಚು ಉಜ್ವಲ, ಜೊತೆಗೆ ಉಬ್ಬಿಗೂ ತಗ್ಗಿಗೂ ಅಂತರ ಹೆಚ್ಚಾಗಿ ಸ್ವಲ್ಪ ಕಾರ್ಟೂನಿನ ಕಳೆ. ಕಂಪನಿಯ ಈ ಸ್ಪ್ರೇಗಳಿಗೆ ತೀರಾ ಮ್ಯಾಟ್ (ಹೊಳಪಿಲ್ಲದ್ದು) ಅಲ್ಲದ ನುಣುಪು ಇದೆ, ಬಣ್ಣ ಜಾರಲು ಅದೇ ಆಧಾರ. ಸುಣ್ಣ ಬಳಿದಂಥ ಒರಟು ಮ್ಯಾಟ್ ಪ್ರೈಮರ್ ಬಣ್ಣವನ್ನು ಬಿದ್ದಲ್ಲೇ ಹೀರಿಕೊಂಡು ಕಲೆ ಮಾಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗಾಡಿಯ ಸ್ಪ್ರೇ ದಪ್ಪ ಪದರವಾಗಿ ಕೂತು ಸಣ್ಣ ಕೆತ್ತನೆಯನ್ನು ತುಂಬಿಬಿಡುವ ಅಪಾಯವಿದೆ, ಕೆಲವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಹೊಡೆಯಲೇಬೇಕೆಂದರೆ ಮೊದಲು ಖಾಲಿ ಸ್ಪ್ರೂ ತುಂಡಿನ ಮೇಲೆ ನೋಡಿ.

ಹೊಡೆಯುವ ಕ್ರಮ: ಸ್ಪ್ರೇ ಡಬ್ಬಿಯನ್ನು ಪೂರ್ತಿ ಎರಡು ನಿಮಿಷ ಅಲ್ಲಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಗೊಂಬೆಯ ಆಚೆ ಶುರುಮಾಡಿ ಈಚೆ ಮುಗಿಸುವ ಸಣ್ಣ ಬೀಸುಗಳಲ್ಲಿ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವ ಪ್ರೈಮರ್ ಪದರಕ್ಕೆ ಸೇರಿ ಮೈ ಮಂಜು ಕವಿದಂತೆ ಮಸುಕಾಗುತ್ತದೆ, ಹರಳುಹರಳಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಇದಕ್ಕೆ ತಿರುವುಮುರುವು: ಹನಿ ಗೊಂಬೆಗೆ ತಲುಪುವ ಮೊದಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಎರಡರ ಫಲವೂ ಒಂದೇ, ಮರಳುಕಾಗದದಂಥ ಮೈ. ಒಂದೊಂದು ಕಣದ ಸುತ್ತಲೂ ಕಾಂಟ್ರಾಸ್ಟ್ ನಿಂತು ಇಡೀ ಗೊಂಬೆಗೆ ಎಳ್ಳು ಉದುರಿಸಿದ ಹಾಗಾಗುತ್ತದೆ. ಮಳೆ ಬಿಟ್ಟು ಬಿಸಿಲು ಬಂದ ಹೊತ್ತಿನಲ್ಲಿ, ಬೇಸಿಗೆಯಾದರೆ ಬೆಳಗ್ಗೆ ಬೇಗ ಹೊಡೆಯಿರಿ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ಬಣ್ಣದ ಸ್ಪ್ರೇ ತರಿಸುವ ಯೋಚನೆ ಇದ್ದರೆ ಬಿಡಿ, ವಿಮಾನದ ಸಾಮಾನಿನಲ್ಲಿ ಅದಕ್ಕೆ ಅನುಮತಿಯಿಲ್ಲ. ಬದಲಿಗೆ ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದವರು ವಲೆಹೋ ಸರ್ಫೇಸ್ ಪ್ರೈಮರ್ ಬಳಸಬಹುದು. ರೈತ್‌ಬೋನ್ ಬ್ರಷ್‌ನಿಂದ ಬಳಿಯುವ ಡಬ್ಬಿಯಲ್ಲೂ ಸಿಗುತ್ತದೆ ನಿಜ, ಆದರೆ ಇಡೀ ಗೊಂಬೆಗೆ ಬ್ರಷ್‌ನಿಂದ ಬಳಿದರೆ ಕೂದಲಿನ ಗೆರೆ ಉಳಿದು ಕಾಂಟ್ರಾಸ್ಟ್ ಆ ಗೆರೆಗಳನ್ನೆಲ್ಲ ಓದಿ ಹೇಳುತ್ತದೆ. ಆ ಡಬ್ಬಿಯ ನಿಜವಾದ ಉಪಯೋಗ ತಿದ್ದುವುದಕ್ಕೆ.

ಬಳಿಯುವಾಗ ಮೊದಲ ನಿಯಮ, ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸುವುದು. ಬಣ್ಣ ತಳಕ್ಕೆ ಇಳಿದು ಮೇಲೆ ಬರೀ ಮೀಡಿಯಂ ನಿಂತಿದ್ದರೆ ಮೊದಲ ಗೊಂಬೆ ಪೇಲವ, ಹತ್ತನೆಯದು ಗಾಢ. ಬ್ರಷ್ ಸ್ವಲ್ಪ ದೊಡ್ಡದೇ ಇರಲಿ, ಹೊಟ್ಟೆ ತುಂಬ ಬಣ್ಣ ಹಿಡಿಯುವಂಥದು. ಹುಬ್ಬು ತೀಡುವ ಸಣ್ಣ ಬ್ರಷ್‌ನಿಂದ ಚುಕ್ಕೆಚುಕ್ಕೆಯಾಗಿ ಹಚ್ಚುತ್ತ ಹೋದರೆ ಮೊದಲ ಚುಕ್ಕೆಯ ಅಂಚು ಒಣಗಿ ಎರಡನೆಯದು ಅದರ ಮೇಲೆ ಏರುತ್ತದೆ, ನಕಾಶೆಯ ಗಡಿರೇಖೆಯಂಥ ಗೆರೆ ಬೀಳುತ್ತದೆ. ಒಂದು ಅಂಗವನ್ನು ಒಂದೇ ಉಸಿರಿಗೆ ಮುಗಿಸಿ: ತೊಡೆಯೆಂದರೆ ಇಡೀ ತೊಡೆ, ಬೆನ್ನುಚಿಪ್ಪೆಂದರೆ ಇಡೀ ಚಿಪ್ಪು. ನಿಲ್ಲಿಸಬೇಕಾದರೆ ಎರಡು ಭಾಗ ಕೂಡುವ ಸಹಜ ಅಂಚಿನಲ್ಲೇ ನಿಲ್ಲಿಸಿ. ಆಮೇಲೆ ಒಂದು ನಿಮಿಷದೊಳಗೆ ಗೊಂಬೆಯನ್ನು ತಿರುಗಿಸಿ ನೋಡಿ. ಮೊಣಕಾಲ ಹಿಂದೆ, ಗದ್ದದ ಕೆಳಗೆ, ಕಾಲು ಗೊಂಬೆಯ ಪೀಠಕ್ಕೆ ತಾಗುವಲ್ಲಿ ಹನಿ ನಿಂತಿರುತ್ತದೆ. ತೊಳೆದು ಬಟ್ಟೆಗೆ ಒತ್ತಿ ಒಣಗಿಸಿದ ಬ್ರಷ್‌ನ ತುದಿ ತಾಗಿಸಿದರೆ ಅದು ಹೆಚ್ಚಿನದನ್ನು ಹೀರಿಕೊಳ್ಳುತ್ತದೆ. ಆ ನಿಮಿಷ ಕಳೆದು ಬಣ್ಣ ಅಂಟಂಟಾಗಲು ಶುರುವಾದರೆ ಕೈಯಿಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಅರೆ ಒಣಗಿದ ಪದರ ಬ್ರಷ್‌ಗೆ ಸಿಕ್ಕಿ ಹರಿದು ಕೆಳಗಿನ ಬಿಳಿ ಹೊರಬರುತ್ತದೆ, ಅದನ್ನು ತೇಪೆ ಹಾಕಿದರೆ ತೇಪೆಯೇ ಕಾಣುತ್ತದೆ. ಅರ್ಧ ಗಂಟೆ ಬಿಡಿ. ತೇವದ ದಿನ ಇನ್ನೂ ಹೆಚ್ಚು.

ತೆಳು ಮಾಡಬೇಕೆಂದರೆ ನೀರು ಬೇಡ, ಮೀಡಿಯಮ್ಮೇ ಬೇಕು. ನೀರು ಹೆಚ್ಚಾದರೆ ಬಣ್ಣವನ್ನು ಸಮವಾಗಿ ಹಿಡಿದಿಡುವ ಗುಣವೇ ಹೋಗಿ ಅದು ಬರೀ ಬಣ್ಣದ ನೀರಾಗುತ್ತದೆ. ಸ್ಕೆಲಿಟನ್ ಹೋರ್ಡ್ ಹಾಗೇ ಬಳಿದರೆ ಹಳದಿಗಂದು ಹೆಚ್ಚು, ನೆಲದಲ್ಲಿ ಹೂತಿದ್ದ ಎಲುಬಿನ ಬಣ್ಣ. ಒಂದಕ್ಕೆ ಒಂದು ಮೀಡಿಯಂ ಬೆರೆಸಿದರೆ ಟೈರನಿಡ್‌ಗಳ ಲೆವಯತನ್ ಪಡೆಯ ತಿಳಿ ಮೈಗೆ ಸರಿಹೊಂದುತ್ತದೆ. ಅದರ ಚಿಪ್ಪಿಗೆ ಶೈಯಿಶ್ ಪರ್ಪಲ್. ಚಿಪ್ಪಿನ ಅಂಚಿನತ್ತ ಎಳೆದು ಬಿಡುವ ಬ್ರಷ್ ಗತಿಯಿಂದ ಗೀರುಗಳೂ ತಾವೇ ಬರುತ್ತವೆ. ಬಾಯಿಗೂ ನಾಲಿಗೆಗೂ ವೊಲುಪಸ್ ಪಿಂಕ್. ಮೂರು ಡಬ್ಬಿ ಬಣ್ಣ, ಒಂದು ಮೀಡಿಯಂ, ಒಂದು ಸ್ಪ್ರೇ. ಒಂದು ಡಬ್ಬಿ 18 ಮಿ.ಲೀ.; ಇಪ್ಪತ್ತು ಟರ್ಮಗಾಂಟ್ ಮುಗಿದ ಮೇಲೂ ಬಣ್ಣ ಉಳಿಯುತ್ತದೆ. ಬೇಸ್, ಲೇಯರ್ ಡಬ್ಬಿಗಳು 12 ಮಿ.ಲೀ. ಮಾತ್ರ, ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಣ್ಣಗಳ ಅನುಕ್ರಮದಲ್ಲೂ ಒಂದು ನ್ಯಾಯವಿದೆ. ತಿಳಿಬಣ್ಣ ಮೊದಲು, ಗಾಢ ಆಮೇಲೆ. ಚಿಪ್ಪಿನ ನೇರಳೆ ಮೈಮೇಲೆ ಸೋರಿದರೆ ಎಲುಬುಬಣ್ಣ ಅದನ್ನು ಮುಚ್ಚಲಾರದು. ರೈತ್‌ಬೋನ್ ಡಬ್ಬಿಯಿಂದ ಆ ಜಾಗವನ್ನು ಮತ್ತೆ ಬಿಳಿ ಮಾಡಿ, ಮೇಲೆ ಸ್ಕೆಲಿಟನ್ ಹೋರ್ಡ್ ಹಾಕಬೇಕು. ಕಾಂಟ್ರಾಸ್ಟ್ ಸಾಲಿನಲ್ಲಿ ಲೋಹದ ಬಣ್ಣ ಇಲ್ಲ. ಬಂದೂಕಿಗೆ ಲೆಡ್‌ಬೆಲ್ಚರ್ ಬೇರೆ ಕೊಳ್ಳಬೇಕು, ಅದು ಏನನ್ನಾದರೂ ಮುಚ್ಚುವುದರಿಂದ ಕೊನೆಗೆ ಬಳಿದರೆ ಸಾಕು. ಇಲ್ಲಿ ಒಂದು ಸಂತೋಷದ ಉಪಯೋಗವೂ ಇದೆ: ಸ್ಟಾರ್ಮ್‌ಹೋಸ್ಟ್ ಸಿಲ್ವರ್ ಬಳಿದು ಒಣಗಿದ ಮೇಲೆ ನಾಜ್‌ಡ್ರೆಗ್ ಯೆಲ್ಲೋ ಹಾಕಿದರೆ ಹಳೆಯ ಬಂಗಾರ, ಟಾಲಸ್ಸರ್ ಬ್ಲೂ ಹಾಕಿದರೆ ಮಿಂಚುವ ನೀಲಿ ಲೋಹ. ಪ್ಲಾಸ್ಮಾ ಬಂದೂಕಿನ ಸುರುಳಿಗಳಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಎಲ್ಲ ಡಬ್ಬಿಗಳೂ ಒಂದೇ ಗುಣದವಲ್ಲ. ಸ್ನೇಕ್‌ಬೈಟ್ ಲೆದರ್, ಗೋರ್‌ಗ್ರಂಟಾ ಫರ್, ಗಿಲ್ಲಿಮನ್ ಫ್ಲೆಶ್, ಇವು ಕಣ್ಣುಮುಚ್ಚಿ ಕೊಳ್ಳಬಹುದಾದ ಬಣ್ಣಗಳು. ಬ್ಲ್ಯಾಕ್ ಟೆಂಪ್ಲರ್ ಉಬ್ಬಿನ ಮೇಲೆ ಬೂದುಬಣ್ಣವಾಗಿ ಬಿಡುತ್ತದೆ, ಬಟ್ಟೆ, ಚರ್ಮ, ರಬ್ಬರಿಗೆ ಚೆನ್ನ. 2022ರ ಬ್ಲ್ಯಾಕ್ ಲೀಜನ್ ಹೆಚ್ಚುಕಡಿಮೆ ಪೂರ್ತಿ ಕಪ್ಪು, ಅದನ್ನು ಕಾಂಟ್ರಾಸ್ಟ್ ಎನ್ನುವುದಕ್ಕಿಂತ ನುಣ್ಣಗೆ ಹರಿಯುವ ಕಪ್ಪು ಬಣ್ಣ ಎನ್ನಬಹುದು. ಐಯಾಂಡೆನ್ ಯೆಲ್ಲೋ ಹೆಸರಿಗೆ ಹಳದಿ, ತಗ್ಗಿನಲ್ಲಿ ಕಿತ್ತಳೆ. ನಿಂಬೆಹಳದಿ ಬೇಕಾದವರು ವೈಟ್ ಸ್ಕಾರ್ ಮೇಲೆ ಬ್ಯಾಡ್ ಮೂನ್ ಯೆಲ್ಲೋ ನೋಡಲಿ. ಅಪೋಥೆಕರಿ ವೈಟ್ ಬಗ್ಗೆ ದೂರುವವರು ಅದನ್ನು ಬಿಳಿ ಬಣ್ಣವೆಂದು ಕೊಂಡವರು; ಅದು ಬಿಳಿಯ ನೆರಳು ಮಾತ್ರ. ಬಳಿದು ಒಣಗಿದ ಮೇಲೆ ಒಣ ಬ್ರಷ್‌ನಿಂದ ಬಿಳಿ ಸವರಿದಾಗಲೇ ಅದರ ಬೆಲೆ ತಿಳಿಯುವುದು.

ಹಾಗಾದರೆ ಸ್ಪೇಸ್ ಮರೀನ್ ಗತಿ ಏನು? ಮೂರು ದಾರಿಗಳಿವೆ. ಭುಜಕವಚ, ತಲೆ, ಬೆನ್ನಿನ ಯಂತ್ರ ಅಂಟಿಸದೆ ಬಿಡಿಯಾಗಿಟ್ಟು, ಒಂದೊಂದನ್ನೂ ಬೇರೆಯಾಗಿ ಬಳಿದು, ಬ್ರಷ್‌ನಿಂದ ಬಣ್ಣವನ್ನು ಕೆಳ ಅಂಚಿನತ್ತ ಎಳೆಯುತ್ತ ಒಣಗಿಸುವುದು ಒಂದು. ಹೀಗೆ ಮಾಡುವಾಗ ಅಂಟು ತಾಗಬೇಕಾದ ಜಾಗಕ್ಕೆ ನೀಲಿ ಅಂಟುಮಣ್ಣು ಮೆತ್ತಿ ಪ್ರೈಮರ್ ಬೀಳದಂತೆ ಕಾಯಬೇಕು, ಯಾಕೆಂದರೆ ಪ್ಲಾಸ್ಟಿಕ್ ಅಂಟು ಬಣ್ಣದ ಮೇಲೆ ಹಿಡಿಯುವುದಿಲ್ಲ. ಎರಡನೆಯದು ಕಪ್ಪು ಪ್ರೈಮರ್ ಹೊಡೆದು, ದೊಡ್ಡ ಒಣ ಬ್ರಷ್‌ನಿಂದ ಬೂದು ಚೆನ್ನಾಗಿ ಉಜ್ಜಿ, ಮೇಲೆ ಹಗುರಾಗಿ ಬಿಳಿ ಸವರಿ, ಆಮೇಲೆ ಕಾಂಟ್ರಾಸ್ಟ್ ಬಳಿಯುವುದು. ಹವ್ಯಾಸಿಗಳ ಬಾಯಲ್ಲಿ ಇದು ಸ್ಲ್ಯಾಪ್ ಚಾಪ್. ನೆರಳು ಬೆಳಕು ಮೊದಲೇ ಬಂದಿರುವುದರಿಂದ ಬಣ್ಣ ಸಮವಾಗಿ ಕೂರದಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಒಣ ಬ್ರಷ್‌ನ ಗೀರು ನುಣುಪು ಕವಚದ ಮೇಲೆ ಧೂಳಿನಂತೆ ಉಳಿಯುತ್ತದೆ, ಬಣ್ಣವೂ ತುಸು ಕಳೆಗುಂದುತ್ತದೆ. ಮೂರನೆಯದು ಕಾಂಟ್ರಾಸ್ಟನ್ನೇ ಏರ್‌ಬ್ರಷ್‌ನಲ್ಲಿ ತೆಳು ಪದರಗಳಾಗಿ ಹೊಡೆಯುವುದು. ಫಲಿತಾಂಶ ಸೊಗಸು, ಆದರೆ ಅಷ್ಟು ಸಲಕರಣೆ ಇದ್ದವರಿಗೆ ಒಂದೇ ಕೋಟಿನ ಅನುಕೂಲದ ಆಸೆ ಯಾಕೆ? ನಮ್ಮ ಮಟ್ಟಿಗೆ ಹತ್ತು ಸ್ಪೇಸ್ ಮರೀನ್ ಇಂಟರ್‌ಸೆಸರ್‌ಗಳ ಪಡೆಗೆ ಮಕ್ರಾಗ್ ಬ್ಲೂ ಸ್ಪ್ರೇ, ಸಂದುಗಳಿಗಷ್ಟೇ ನುಲ್ನ್ ಆಯಿಲ್, ಒಂದು ಅಂಚುಗೆರೆ, ಇದೇ ಬೇಗದ ದಾರಿ. ಕಾಂಟ್ರಾಸ್ಟನ್ನು ಅವರ ಚೀಲ, ಪಟ್ಟಿ, ಮುದ್ರೆಯ ಕಾಗದಗಳಿಗೆ ಇಟ್ಟುಕೊಳ್ಳಿ.

ಡಬ್ಬಿಯ ಬಗ್ಗೆ ಒಳ್ಳೆಯ ಮಾತಾಡುವುದು ಕಷ್ಟ. ಮೇಲೆತ್ತುವ ಮುಚ್ಚಳ, ಮುಚ್ಚಳದ ನಾಲಿಗೆಯ ಮೇಲೆ ಯಾವಾಗಲೂ ನಿಲ್ಲುವ ಬಣ್ಣ, ಆ ಬಣ್ಣ ಅಂಚಿನಲ್ಲಿ ಒಣಗಿ ಮುಚ್ಚಳ ಸರಿಯಾಗಿ ಕೂರದೆ ಒಳಗಿನದೂ ಒಣಗುವುದು. ದಪ್ಪ ಬೇಸ್ ಬಣ್ಣದ ಡಬ್ಬಿ ಉರುಳಿದರೆ ಎತ್ತಿ ನಿಲ್ಲಿಸುವಷ್ಟು ಸಮಯವಿರುತ್ತದೆ. ತಿಳಿಗಂಜಿಯಂತೆ ಹರಿಯುವ ಕಾಂಟ್ರಾಸ್ಟ್ ಉರುಳಿದರೆ ಮೇಜಿನ ಪಾಲು. ಬಳಸಿದ ಮೇಲೆ ಅಂಚು ಒರೆಸಿ ಮುಚ್ಚಿ, ಇಲ್ಲವೇ ಹನಿಬಾಟಲಿಗೆ ವರ್ಗಾಯಿಸಿ, ಒಳಗೊಂದು ಸ್ಟೀಲ್ ಗುಂಡು ಹಾಕಿಡಿ.

ಈ ಒಂದು ಕಾರಣಕ್ಕೇ ಹಲವರು ಪ್ರತಿಸ್ಪರ್ಧಿಗಳತ್ತ ಹೋಗಿದ್ದಾರೆ. ಡೆನ್ಮಾರ್ಕಿನ ಆರ್ಮಿ ಪೇಂಟರ್‌ನ ಸ್ಪೀಡ್‌ಪೇಂಟ್ 18 ಮಿ.ಲೀ. ಹನಿಬಾಟಲಿಯಲ್ಲಿ, ಕಲಕುವ ಗುಂಡಿನ ಸಮೇತ ಬರುತ್ತದೆ. ಇದರ ಮೊದಲ ಆವೃತ್ತಿಗೆ ದೊಡ್ಡ ದೋಷವಿತ್ತು: ಒಣಗಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಮತ್ತೆ ಕರಗಿ ಮೇಲಿನ ಬಣ್ಣಕ್ಕೆ ಬೆರೆಯುತ್ತಿತ್ತು, ಕೆಂಪಿನ ಮೇಲೆ ಎಳೆದ ಬಿಳಿ ಗೆರೆ ಗುಲಾಬಿಯಾಗುತ್ತಿತ್ತು. 2023ರ ಸ್ಪೀಡ್‌ಪೇಂಟ್ 2.0ದಲ್ಲಿ ಅದನ್ನು ಸರಿಪಡಿಸಿದ್ದಾರೆ. ಹಳೆಯ ದಾಸ್ತಾನು ಕಡಿಮೆ ಬೆಲೆಗೆ ಕಂಡರೆ ಬಾಟಲಿಯ ಮೇಲೆ 2.0 ಇದೆಯೇ ಎಂದು ನೋಡಿಯೇ ಕೊಳ್ಳಿ. ಸ್ಪೇನಿನ ವಲೆಹೋದ ಎಕ್ಸ್‌ಪ್ರೆಸ್ ಕಲರ್ ಸಹ 18 ಮಿ.ಲೀ. ಹನಿಬಾಟಲಿ; ಬಣ್ಣ ಒಂದಿಷ್ಟು ಸೌಮ್ಯ, ನುಣುಪು ಮೈಮೇಲೆ ಕಲೆಯೂ ಸ್ವಲ್ಪ ಕಡಿಮೆ. ಎಲುಬು, ಚರ್ಮ, ತೊಗಲಿನ ಬಣ್ಣಗಳಲ್ಲಿ ಸಿಟಾಡೆಲ್ ಈಗಲೂ ಮುಂದು. ಹೊಸದಾಗಿ ಶುರುಮಾಡುವವರು ದೊಡ್ಡ ಸೆಟ್ ಕೊಳ್ಳುವ ಬದಲು ಮೂರು ಕಂಪನಿಗಳಿಂದ ಬೇಕಾದ ನಾಲ್ಕೈದು ಬಾಟಲಿ ಆರಿಸಿದರೆ ಹಣ ಉಳಿಯುತ್ತದೆ, ಒಂದರ ಪಕ್ಕ ಒಂದು ಬಳಿದರೆ ತೊಂದರೆಯೇನಿಲ್ಲ.

ವಾರ್ನಿಷ್ ಬಿಟ್ಟುಬಿಡುವಂತಿಲ್ಲ. ತೆಳು ಪದರವಾದ್ದರಿಂದ ಆಟದಲ್ಲಿ ಕೈ ತಾಗಿ ತಾಗಿ ಕೊಂಬು, ಉಗುರು, ಮೊಣಕೈ ತುದಿಗಳಲ್ಲಿ ಕಾಂಟ್ರಾಸ್ಟ್ ಮೊದಲು ಸವೆಯುತ್ತದೆ. ಪೂರ್ತಿ ಒಂದು ದಿನ ಒಣಗಲು ಬಿಟ್ಟು ಮುನಿಟೋರಮ್ ವಾರ್ನಿಷ್ ಸ್ಪ್ರೇ ಹೊಡೆಯಿರಿ, ಮಳೆಗಾಲವಾದರೆ ಬ್ರಷ್‌ನಿಂದ ಬಳಿಯುವ ಸ್ಟಾರ್ಮ್‌ಶೀಲ್ಡ್. ತಗ್ಗುಗಳಲ್ಲಿ ಉಳಿದ ಹೊಳಪೂ ಇದರಿಂದ ಇಳಿದು ಇಡೀ ಮೈ ಒಂದೇ ಹದಕ್ಕೆ ಬರುತ್ತದೆ. ಅದು ಒಣಗಿದ ಮೇಲೆ ಟರ್ಮಗಾಂಟ್‌ನ ನಾಲಿಗೆಗೂ ಕಣ್ಣಿಗೂ ಆರ್ಡ್‌ಕೋಟ್ ಎಂಬ ಹೊಳಪಿನ ವಾರ್ನಿಷ್ ಒಂದೊಂದು ಹನಿ ಇಟ್ಟರೆ ಅಷ್ಟು ಜಾಗ ಮಾತ್ರ ಒದ್ದೆಯಾಗಿ ಹೊಳೆಯುತ್ತದೆ.